ಹಿಮ ದಾಟಿ ಮರಳಿಗೆ

ನಮ್ಮ ಗೋಕುಳ ಶಿರಗಾಂವದ ಮಗ್ಗುಲಲ್ಲಿ ಹಾದುಹೋಗುವ 48ನೆಯ ರಾಷ್ಟ್ರೀಯ ಹೆದ್ದಾರಿಯ ಒಂದು ತುದಿ ಚೆನ್ನೈ, ಇನ್ನೊಂದು ತುದಿ ದೆಹಲಿ. ಎಂಟನೆಯ ವರ್ಗದಲ್ಲಿ ನಕಾಶೆ ಬಿಚ್ಚಿ ಇದನ್ನು ತೋರಿಸಿದಾಗಲೆಲ್ಲ, "ದಿಲ್ಲಿ ಆಚೆಕ ದಾರಿ ಎಲ್ಲಿಗೆ ಹೋಗತೈತ್ರಿ ಸರ್?" ಎಂದು ಒಬ್ಬನಾದರೂ ಕೇಳದೆ ಬಿಡುವುದಿಲ್ಲ. ಅದನ್ನು ಕಣ್ಣಾರೆ ಕಂಡುಬರುವ ಯೋಗ 2024ರ ಬೇಸಿಗೆಯ ರಜೆಯಲ್ಲಿ ನಮಗೆ ಒದಗಿಬಂದಿತು. ಲೋಕಸಭಾ ಚುನಾವಣೆಯ ಕೆಲಸ ಮುಗಿದಿತ್ತು. ವಾರ್ಷಿಕ ಪರೀಕ್ಷೆಯ ನಿಕಾಲೂ ಆಗಿತ್ತು. ಗಣಿತದ ಹಿರಿಯ ಗುರುಗಳು, ಭೂಗೋಳದ ಬಾಯಿಯವರು, ಅವರ ಯಜಮಾನರು, ಹಿಂದಿ ಪಂಡಿತರು, ವ್ಯಾಯಾಮ ಶಿಕ್ಷಕರು ಮತ್ತು ಕನ್ನಡ ಕಲಿಸುವ ನಾವು, ಹೀಗೆ ಆರು ಜನ ಮನಾಲಿಯಿಂದ ಲೇಹ್‌ಗೆ, ಅಲ್ಲಿಂದ ನುಬ್ರಾ ಕಣಿವೆಯ ಮರಳುಗಾಡಿನವರೆಗೆ ರಸ್ತೆಯ ಮೂಲಕವೇ ಹೋಗುವುದೆಂದು ನಿಶ್ಚಯಿಸಿದೆವು.

ಮಿರಜದಲ್ಲಿ ಗೋವಾ ಎಕ್ಸ್‌ಪ್ರೆಸ್ ಹಿಡಿದು ದೆಹಲಿಗೆ ಬಂದಿಳಿದಾಗ ಅಲ್ಲಿಯ ಬಿಸಿಲು 45 ಡಿಗ್ರಿ ದಾಟಿತ್ತು. ಅಲ್ಲಿ ಕಂಡದ್ದೇನೂ ನೆನಪಿನಲ್ಲಿ ಉಳಿದಿಲ್ಲ, ಕುಡಿದ ನೀರು ಮಾತ್ರ ನೆನಪಿದೆ. ರಾತ್ರಿಯ ಬಸ್ಸಿನಲ್ಲಿ ಮನಾಲಿ ಸೇರಿ, ಒಂದು ದಿನ ದಣಿವಾರಿಸಿಕೊಂಡು ಟೆಂಪೋ ಟ್ರಾವೆಲರ್ ಒಂದನ್ನು ಗೊತ್ತುಮಾಡಿದೆವು. ಅದರ ಚಾಲಕ ಲಾಹೌಲ್ ಕಡೆಯ ತರುಣ. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಗಾಡಿಯಲ್ಲಿ ಆಮ್ಲಜನಕದ ಸಿಲಿಂಡರು ಇದೆಯೋ ಇಲ್ಲವೋ ಎಂದು ಎರಡು ಸಲ ನೋಡಿಕೊಂಡ ಮೇಲೆಯೇ ಕೀಲಿ ತಿರುವಿದ.

ಮನಾಲಿಯಿಂದ ಲೇಹ್ ಸುಮಾರು 430 ಕಿಲೋಮೀಟರು. ಮೊದಲು ರೋಹತಾಂಗದ ಘಾಟನ್ನು ಹತ್ತಿ ಇಳಿಯಬೇಕಾಗಿತ್ತು. 2020ರ ಅಕ್ಟೋಬರ್ 3ರಂದು ಅಟಲ್ ಸುರಂಗ ತೆರೆದ ಮೇಲೆ ಸುಮಾರು 46 ಕಿಲೋಮೀಟರು ಉಳಿಯಿತು. ಈ ಸುರಂಗದ ಉದ್ದ 9 ಕಿಲೋಮೀಟರು. ಅದರೊಳಗೆ ಕಾಲು ಗಂಟೆ ಕತ್ತಲೆ ಬೆಳಕಿನಲ್ಲಿ ಕುಳಿತು ಹೊರಬಂದಾಗ ನಮಗಾದ ಬೆರಗು ಹೇಳತೀರದು. ಒಳಹೊಕ್ಕಾಗ ದೇವದಾರು ಮರಗಳ ಕಪ್ಪುಹಸಿರು, ತೇವದ ಗಾಳಿ, ಮಂಜು. ಹೊರಬಂದಾಗ ಬೋಳು ಗುಡ್ಡ, ಒಣ ಗಾಳಿ, ಕಣ್ಣು ಕುಕ್ಕುವ ಬಿಸಿಲು. ಒಂದೇ ಬೆಟ್ಟದ ಈ ಮಗ್ಗುಲು ಬೇರೆ, ಆ ಮಗ್ಗುಲು ಬೇರೆ.

"ಇದರಾಗ ಅಚ್ಚರಿ ಏನೈತ್ರಿ? ನಮ್ಮ ಗಗನಬಾವಡಾ ಮತ್ತ ಜತ್ತ ಇದ್ದಂಗ," ಎಂದರು ಭೂಗೋಳದ ಬಾಯಿಯವರು. ಅವರ ಮಾತು ದಿಟ. ಅರಬ್ಬೀ ಸಮುದ್ರದಿಂದ ಬಂದ ಮೋಡಗಳು ಸಹ್ಯಾದ್ರಿಗೆ ತಾಕಿ ಗಗನಬಾವಡಾದಲ್ಲಿ ವರ್ಷಕ್ಕೆ ಐದಾರು ಸಾವಿರ ಮಿಲಿಮೀಟರು ಸುರಿಯುತ್ತವೆ. ಕೊಲ್ಲಾಪುರಕ್ಕೆ ಬರುವಾಗ ಅದು ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಜತ್ತ, ಆಟಪಾಡಿಗಳಿಗೆ ಐನೂರರಷ್ಟು ಸಿಕ್ಕರೆ ಪುಣ್ಯ. ಹಿಮಾಲಯ ಮಾಡುವುದೂ ಇದನ್ನೇ, ಆದರೆ ಹತ್ತು ಪಟ್ಟು ನಿಷ್ಠುರವಾಗಿ. ಮಳೆಗಾಲದ ಮೋಡಗಳನ್ನು ತೆಂಕಣ ಇಳಿಜಾರಿನಲ್ಲಿಯೇ ಹಿಂಡಿಬಿಡುತ್ತದೆ. ಸಾಲು ಸಾಲು ಬೆಟ್ಟಗಳನ್ನು ದಾಟಿ ಲೇಹ್ ಮುಟ್ಟುವ ಹೊತ್ತಿಗೆ ವರ್ಷಕ್ಕೆ 100 ಮಿಲಿಮೀಟರಿನಷ್ಟು ಉಳಿದರೆ ಹೆಚ್ಚು. ಹಿಮ ಹೊತ್ತ ಬೆಟ್ಟವೇ ಅದರ ಬೆನ್ನಿಗಿರುವ ಮರಳುಗಾಡನ್ನು ಹಡೆದದ್ದು ಎಂಬುದು ಪಾಠಪುಸ್ತಕದಲ್ಲಿ ಎಷ್ಟು ಸಲ ಓದಿದ್ದರೂ, ಸುರಂಗದ ಬಾಯಲ್ಲಿ ನಿಂತಾಗಲೇ ಮನಸ್ಸಿಗೆ ನಾಟಿತು.

ಲಾಹೌಲದವರು ಚಳಿಗಾಲದ ಐದಾರು ತಿಂಗಳು ಹೊರಜಗತ್ತಿನಿಂದ ಕಡಿದುಹೋಗಿರುತ್ತಿದ್ದರು. ಸುರಂಗ ಬಂದ ಮೇಲೆ ಆ ಸೆರೆ ಬಿಟ್ಟಿತೆಂದು ನಮ್ಮ ಚಾಲಕ ಹೇಳಿದ. ಅಂದು ಅವನು ತಾನಾಗಿ ಆಡಿದ ಮೊದಲ ಮಾತು ಅದು.

ಚಂದ್ರಾ ಮತ್ತು ಭಾಗಾ ನದಿಗಳು ಕೂಡುವ ತಾಂಡಿ, ಆಮೇಲೆ ಕೇಲಾಂಗ್, ಆಮೇಲೆ ಜಿಸ್ಪಾ. 10,500 ಅಡಿ ಎತ್ತರದ ಜಿಸ್ಪಾದಲ್ಲಿ ಎರಡು ರಾತ್ರಿ ತಂಗಿದೆವು. ಮೈಗೆ ತೆಳುಗಾಳಿ ರೂಢಿಯಾಗಲಿ ಎಂದು ಚಾಲಕನದೇ ಒತ್ತಾಯ. ಮೂರನೆಯ ದಿನ ಬೆಳಗಿನಲ್ಲಿ ಬಾರಾಲಾಚಾ ಲಾ ಹತ್ತಿದೆವು. ಲಾ ಎಂದರೆ ಅಲ್ಲಿಯ ಭಾಷೆಯಲ್ಲಿ ಘಾಟು. ಎತ್ತರ ಸುಮಾರು 16,000 ಅಡಿ. ನಮ್ಮ ಗಣಿತದ ಗುರುಗಳು ಕೂಡಲೇ ಲೆಕ್ಕ ಹಾಕಿದರು: ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ಕೂರಿಸಿ, ಅದರ ಮೇಲೆ ಕಳಸೂಬಾಯಿಯ ಅರ್ಧಕ್ಕಿಂತ ತುಸು ಹೆಚ್ಚನ್ನು ಕಡಿದಿಟ್ಟರೆ ಅಷ್ಟಾಗುತ್ತದಂತೆ.

ಅಲ್ಲಿ ದಾರಿಯ ಎರಡೂ ಕಡೆ ಹಿಮದ ಗೋಡೆ. ಯಂತ್ರದಿಂದ ಕೊರೆದು ಮಾಡಿದ ಓಣಿಯಲ್ಲಿ ನಮ್ಮ ಗಾಡಿ ನುಗ್ಗುತ್ತಿತ್ತು. ಗೋಡೆ ಗಾಡಿಯ ತಲೆಗಿಂತ ಎತ್ತರ. ಹಿಮವೆಂದರೆ ಹಾಲಿನಂತೆ ಬಿಳುಪು ಎಂದು ಓದಿದ್ದ ನಮಗೆ ಅದು ದಾರಿಯಂಚಿನಲ್ಲಿ ಹೊಗೆ ಮತ್ತು ಧೂಳಿನಿಂದ ಕಪ್ಪಾಗಿ, ಮೇಲೆ ಬೆಳ್ಳಗೆ, ಒಡೆದ ಕಡೆ ತಿಳಿನೀಲಿಯಾಗಿ ಕಂಡದ್ದು ಹೊಸದು. ಊರಿನಿಂದ ಕಟ್ಟಿಕೊಂಡು ಹೋಗಿದ್ದ ಭಡಂಗದ ಪೊಟ್ಟಣಗಳು ಉಬ್ಬಿ ಚೆಂಡಿನಂತಾಗಿದ್ದವು. ಕೊಲ್ಲಾಪುರದ ಗಾಳಿ ಒಳಗೆ ಸಿಕ್ಕಿಕೊಂಡು, ಹೊರಗಿನ ಗಾಳಿಯ ಒತ್ತಡ ಅರ್ಧದ ಸಮೀಪಕ್ಕೆ ಇಳಿದಾಗ ಪೊಟ್ಟಣ ಉಬ್ಬದೆ ಏನು ಮಾಡೀತು? ಪ್ರಯೋಗಶಾಲೆಯಲ್ಲಿ ಒಂದು ತಾಸು ವಿವರಿಸಿದರೂ ತಿಳಿಯದ ಸಂಗತಿಯನ್ನು ಐದು ರೂಪಾಯಿಯ ಭಡಂಗ ತಿಳಿಸಿಕೊಟ್ಟಿತು. ಎಲ್ಲರೂ ನಕ್ಕೆವು. ಗಣಿತದ ಗುರುಗಳು ಮಾತ್ರ ನಗಲಿಲ್ಲ, ಹಣೆ ಒತ್ತಿಕೊಳ್ಳುತ್ತಿದ್ದರು.

ಆ ರಾತ್ರಿ ಸರ್ಚುವಿನ ಗುಡಾರಗಳಲ್ಲಿ ಕಳೆದೆವು. ಹಿಮಾಚಲ ಮುಗಿದು ಲಡಾಖ್ ಆರಂಭವಾಗುವ ಗಡಿ ಅದು. ಎತ್ತರ 14,000 ಅಡಿ. ಗಡಿಭಾಗದ ಜನರಾದ ನಮಗೆ ಗಡಿ ಎಂದರೆ ಹೊಸದಲ್ಲ, ಆದರೆ ಇಲ್ಲಿ ಬೋರ್ಡು ಓದಲಿಕ್ಕೂ ಒಂದು ಮನೆಯಿಲ್ಲ. ಗಾಳಿ ಗುಡಾರವನ್ನು ಎತ್ತಿ ಒಗೆಯುವಂತೆ ಬೀಸುತ್ತಿತ್ತು. ಯಾರಿಗೂ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಉಸಿರು ಕಟ್ಟಿದಂತಾಗಿ ಎಚ್ಚರ. ನಡುರಾತ್ರಿ ಒಂದು ಗಂಟೆಗೆ ಗಣಿತದ ಗುರುಗಳು ವಾಂತಿ ಮಾಡಿಕೊಂಡರು. ಎರಡು ಗಂಟೆಗೆ ಇನ್ನೊಮ್ಮೆ. ಇದು ಘಾಟಿನ ಕಾಯಿಲೆ, ಎಲ್ಲರಿಗೂ ತುಸು ಇದ್ದದ್ದೇ ಎಂದು ಸಮಾಧಾನ ಹೇಳುತ್ತಿದ್ದಾಗ ವ್ಯಾಯಾಮ ಶಿಕ್ಷಕರು ಅವರ ಬಳಿ ಕುಳಿತು, "ಸರ್, ಹದಿನೇಳರ ಮಗ್ಗಿ ಒಂದ್ಸಲ ಹೇಳ್ರಿ ನೋಡೋಣ," ಎಂದರು.

ಮೂವತ್ತು ವರ್ಷ ನಿದ್ದೆಯಲ್ಲಿಯೂ ಮಗ್ಗಿ ಹೇಳಬಲ್ಲವರು ಅವರು. ಹದಿನೇಳೈದಲೆ ಎಂಬತ್ತೈದು ಆಯಿತು. ಹದಿನೇಳಾರಲೆ ಎಂದವರು ಅಲ್ಲಿಯೇ ನಿಂತರು. ಗುಡಾರದ ಬಟ್ಟೆಯನ್ನು ನೋಡುತ್ತ ಉಳಿದರು.

ಚಾಲಕ ಬಂದ. ಕಂದೀಲಿನ ಬೆಳಕಿನಲ್ಲಿ ನೆಲದ ಮೇಲೆ ಒಂದು ಗೆರೆ ಎಳೆದು, "ಗುರೂಜಿ, ಹಿಮ್ಮಡಿಗೆ ಬೆರಳು ತಾಗಿಸುತ್ತ ಇದರ ಮೇಲೆ ನಡೆಯಿರಿ," ಎಂದು ಹಿಂದಿಯಲ್ಲಿ ಕೇಳಿಕೊಂಡ. ಮೂರನೆಯ ಹೆಜ್ಜೆಗೆ ಅವರು ಓಲಿದರು. ಅವನು ಮತ್ತೇನೂ ಕೇಳಲಿಲ್ಲ. ತಲೆನೋವು, ವಾಂತಿ ಬೇರೆ ಮಾತು. ಬುದ್ಧಿ ಮಂಕಾಗಿ ನಡಿಗೆ ತಪ್ಪಿತೆಂದರೆ ಮಿದುಳಿನಲ್ಲಿ ನೀರು ತುಂಬುತ್ತಿದೆ ಎಂದು ಅರ್ಥ. ಆಗ ಕೆಳಕ್ಕೆ ಇಳಿಸುವುದೊಂದೇ ಮದ್ದು. ಗುಳಿಗೆ, ಆಮ್ಲಜನಕ ಎಲ್ಲವೂ ಇಳಿಯುವವರೆಗಿನ ಆಸರೆ ಮಾತ್ರ. ಯಾರಿಗೆ ಬರುತ್ತದೆ, ಯಾರಿಗೆ ಇಲ್ಲ ಎಂಬುದಕ್ಕೆ ಲೆಕ್ಕವಿಲ್ಲ. ಗಟ್ಟಿಮುಟ್ಟಾದ ತರುಣರು ಕುಸಿಯುತ್ತಾರೆ, ಮುದುಕರು ಆರಾಮಾಗಿ ದಾಟುತ್ತಾರೆ.

ಇಳಿಯುವುದು ಎಲ್ಲಿಗೆ? ಮುಂದಕ್ಕೆ ಹೋದರೆ 16,600 ಅಡಿಯ ಲಾಚುಂಗ್ ಲಾ, ಅದರಾಚೆ ತಂಗಲು ಸಿಗುವ ಪಾಂಗ್ ಕೂಡ ಸರ್ಚುವಿಗಿಂತ ಎತ್ತರದಲ್ಲಿದೆ. ಹಿಂದಕ್ಕೆ ಹೋದರೆ ಮೊದಲು ಬಾರಾಲಾಚಾವನ್ನು ಹತ್ತಿಯೇ ಇಳಿಯಬೇಕು. ಹಗಲು ಕರಗಿದ ನೀರು ರಾತ್ರಿ ಗಾಜಿನಂತೆ ಹೆಪ್ಪುಗಟ್ಟಿರುತ್ತದೆ. ಆದರೂ ಹಿಂದಿನ ದಾರಿಯೇ ಸರಿಯೆಂದು ಚಾಲಕ ಹೇಳಿದ. ಗುರುಗಳು, "ನಾ ಹೊಳ್ಳಿ ಹೋಗಂಗಿಲ್ರಿ, ಮುಂದ ಹೋಗೋಣು," ಎಂದು ಮಗುವಿನಂತೆ ಹಟ ಹಿಡಿದರು. ಅಷ್ಟೊಂದು ಹಟ ಯಾಕೆಂದು ಆಗ ನಮಗೆ ತಿಳಿಯಲಿಲ್ಲ. ಮೂಗಿಗೆ ಆಮ್ಲಜನಕದ ನಳಿಗೆ ಕಟ್ಟಿ, ಕಂಬಳಿ ಸುತ್ತಿ, ನಾಲ್ಕು ಗಂಟೆಗೆ ಹೊರಟೆವು.

ಘಾಟಿನ ನೆತ್ತಿಗೆ ತುಸು ಮೊದಲು ಗಾಡಿ ನಿಂತಿತು. ಮುಂದೆ ಒಂದು ಲಾರಿ ಹಿಮಗಡ್ಡೆಯ ಮೇಲೆ ಜಾರಿ ದಾರಿಗೆ ಅಡ್ಡವಾಗಿ ನಿಂತಿತ್ತು. ಸಿಲಿಂಡರಿನ ಮುಳ್ಳು ಇಳಿಯುತ್ತಿತ್ತು. ಭೂಗೋಳದ ಬಾಯಿಯವರು ಕಣ್ಣು ಮುಚ್ಚಿ ಏನನ್ನೋ ಪಠಿಸುತ್ತಿದ್ದರು. ಅಷ್ಟರಲ್ಲಿ ಆಚೆಯ ತಿರುವಿನಿಂದ ಹತ್ತು ಹನ್ನೆರಡು ಜನ ಸಲಿಕೆ, ಬುಟ್ಟಿ ಹಿಡಿದು ಬಂದರು. ಗಡಿ ರಸ್ತೆ ಸಂಸ್ಥೆಯ ಕೂಲಿಯಾಳುಗಳು. ಮುಖಕ್ಕೆ ಬಟ್ಟೆ ಸುತ್ತಿದ್ದರು, ಕಣ್ಣು ಮಾತ್ರ ಕಾಣುತ್ತಿದ್ದವು. ಒಂದು ಮಾತೂ ಆಡದೆ ಮಣ್ಣು, ಹರಳು ತಂದು ಗಾಲಿಗಳ ಕೆಳಗೆ ಹರಡಿದರು. ಹೆಗಲು ಕೊಟ್ಟು ಲಾರಿಯನ್ನು ಬದಿಗೆ ಸರಿಸಿದರು. ನಮ್ಮ ಗಾಡಿ ದಾಟಲು ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆಯಲ್ಲಿ ಹಿಂದಿ ಪಂಡಿತರು ಒಬ್ಬನನ್ನು ಮಾತಾಡಿಸಿದರು. ಝಾರ್ಖಂಡದ ದುಮ್ಕಾ ಕಡೆಯವನು, ಮನೆಮಾತು ಸಂತಾಲಿ. ಬೇಸಿಗೆಯಲ್ಲಿ ಬರುತ್ತಾನೆ, ಹಿಮ ಬೀಳುವ ಮುಂಚೆ ಊರಿಗೆ ಮರಳುತ್ತಾನೆ.

ಗಡಿ ರಸ್ತೆ ಸಂಸ್ಥೆ ಹುಟ್ಟಿದ್ದು 1960ರ ಮೇ 7ರಂದು. ಈ ರಸ್ತೆಗಳ ಹೊಣೆ ಅದರದು. ದಾರಿಯುದ್ದಕ್ಕೂ ಅದರ ಹಳದಿ ಫಲಕಗಳು, ಪ್ರಾಸಬದ್ಧ ಬುದ್ಧಿವಾದಗಳು ಎಲ್ಲ ಪ್ರವಾಸಿಗಳಿಗೂ ಚಿರಪರಿಚಿತ. ಫಲಕಗಳ ಚಿತ್ರ ತೆಗೆಯುವವರು ಬಹಳ. ಫಲಕದ ಕೆಳಗೆ ಡಾಂಬರು ಕಾಸುತ್ತ ಕುಳಿತ ದುಮ್ಕಾದ ಹುಡುಗರ ಚಿತ್ರ ತೆಗೆದವರನ್ನು ನಾವು ಕಾಣಲಿಲ್ಲ. ನಮ್ಮ ಊರಿನ ಫೌಂಡ್ರಿಗಳಲ್ಲಿ ಕುಲುಮೆಯ ಮುಂದೆ ನಿಲ್ಲುವವರಲ್ಲಿ ಝಾರ್ಖಂಡ, ಬಿಹಾರದವರು ಎಷ್ಟು ಜನ ಇದ್ದಾರೆಂಬುದು ಓದುಗರಿಗೆ ಗೊತ್ತು. ಒಂದೇ ಊರಿನ ಅಣ್ಣ ಬೆಂಕಿಯ ಮುಂದೆ, ತಮ್ಮ ಹಿಮದ ಮೇಲೆ ಇರಲಿಕ್ಕೂ ಸಾಕು. ಅವರು ಹಣ ಮುಟ್ಟಲಿಲ್ಲ. ಉಬ್ಬಿದ ಭಡಂಗದ ಪೊಟ್ಟಣಗಳನ್ನು ಕೊಟ್ಟಾಗ ಒಬ್ಬನು ಅದನ್ನು ಕಿವಿಯ ಹತ್ತಿರ ಅಲುಗಾಡಿಸಿ ನೋಡಿ ನಕ್ಕ.

ದಾರ್ಚಾ ದಾಟುವಾಗಲೇ ಗುರುಗಳ ಕಣ್ಣಿನಲ್ಲಿ ಗುರುತು ಮರಳಿತು. ಕೇಲಾಂಗದ ಆಸ್ಪತ್ರೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಎದ್ದು ಕುಳಿತು, ಯಾರೂ ಕೇಳದಿದ್ದರೂ, ಹದಿನೇಳರ ಮಗ್ಗಿಯನ್ನು ನೂರ ಎಪ್ಪತ್ತರವರೆಗೆ ಒಪ್ಪಿಸಿದರು. ವೈದ್ಯರಿಗೆ ಕನ್ನಡ ತಿಳಿಯದು, ಆದರೂ ಅವರು ಸಂತೋಷಪಟ್ಟರು. ಆದರೆ ಈ ಸಲ ಮತ್ತೆ ಮೇಲೆ ಹತ್ತುವುದು ಬೇಡವೆಂದು ಕಟ್ಟುನಿಟ್ಟಾಗಿ ಹೇಳಿದರು.

ಆಗ ಗುರುಗಳು ಹಟದ ಕಾರಣವನ್ನು ಹೇಳಿದರು. ಅವರ ಅಣ್ಣ ಸೇನೆಯಲ್ಲಿ ಲಾರಿ ಚಾಲಕರಾಗಿದ್ದರು. 1986ರಲ್ಲಿ ನುಬ್ರಾ ಕಣಿವೆಯಿಂದ ಊರಿಗೆ ಒಂದು ಪತ್ರ ಬರೆದಿದ್ದರು: ಇಲ್ಲಿ ಕಾಲ ಕೆಳಗೆ ಮರಳು, ತಲೆಯ ಮೇಲೆ ಹಿಮ, ಒಂಟೆಗೆ ಎರಡು ಡುಬ್ಬ. ಓದು ಬಾರದ ತಾಯಿಗೆ ಪತ್ರ ಓದಿ ಹೇಳಿದವರು ಆಗ ಕಾಲೇಜಿನಲ್ಲಿದ್ದ ಈ ಗುರುಗಳೇ. ತಾಯಿ, "ಥಂಡ್ಯಾಗ ಹುಡುಗಗ ಭ್ರಮಿ ಆಗೈತಿ," ಎಂದು ಅತ್ತಳಂತೆ. ಹಿಮ ಇದ್ದಲ್ಲಿ ಮರಳು ಹೇಗೆ, ಒಂಟೆ ಹೇಗೆ? ಅಣ್ಣ ರಜೆಗೆ ಬಂದಾಗ ಎಷ್ಟು ಆಣೆ ಮಾಡಿದರೂ ಓಣಿಯವರು ಅವರನ್ನು 'ಎರಡು ಡುಬ್ಬದವ' ಎಂದೇ ಕಾಡಿದರು. ಆ ಅಡ್ಡಹೆಸರು ಅವರಿಗೆ ಕೊನೆಯವರೆಗೆ ಅಂಟಿಕೊಂಡಿತ್ತು. ಅಣ್ಣ ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು.

"ನೀವು ಹೋಗ್ರಿ. ನೋಡಿ ಬರ್ರಿ. ಹಿಮ, ಮರಳು, ಒಂಟಿ, ಮೂರೂ ಒಂದ ಫೋಟೋದಾಗ ಬರಬೇಕ್ರಿ. ಬ್ಯಾರೆ ಬ್ಯಾರೆ ತಗೀಬ್ಯಾಡ್ರಿ, ಮಂದಿ ನಂಬಂಗಿಲ್ಲ," ಎಂದರು.

ವ್ಯಾಯಾಮ ಶಿಕ್ಷಕರು ಅವರನ್ನು ಕರೆದುಕೊಂಡು ಮನಾಲಿಗೆ ಇಳಿದರು. ಉಳಿದ ನಾಲ್ವರು ಮತ್ತೆ ಮುಂದೆ ಹೊರಟೆವು. ಎರಡನೆಯ ಸಲ ಕಂಡ ಬಾರಾಲಾಚಾ ಸುಂದರವಾಗಿ ಕಾಣಲಿಲ್ಲ, ದೊಡ್ಡದಾಗಿ ಕಂಡಿತು. ಸರ್ಚುವಿನಾಚೆ ಗಾಟಾದ 21 ತಿರುವುಗಳು, ಲಾಚುಂಗ್ ಲಾ, ಪಾಂಗ್. ಪಾಂಗದಲ್ಲಿ ಅನ್ನ ಬೇಯಲು ಪ್ರೆಶರ್ ಕುಕ್ಕರೇ ಬೇಕು. ಅಷ್ಟೆತ್ತರದಲ್ಲಿ ನೀರು 85 ಡಿಗ್ರಿಗೇ ಕುದಿದುಬಿಡುತ್ತದೆ. ಅದರಾಚೆ ಮೋರೆ ಬಯಲು, ಬೆಟ್ಟಗಳ ನಡುವೆ 40 ಕಿಲೋಮೀಟರು ನೆಟ್ಟಗೆ ಸಾಗುವ ದಾರಿ. 17,480 ಅಡಿಯ ತಾಂಗ್ಲಾಂಗ್ ಲಾ ಹತ್ತಿ ಇಳಿದು ಉಪ್ಶಿ ಎಂಬಲ್ಲಿ ಒಂದು ಹೊಳೆಯನ್ನು ಕಂಡೆವು. ಅದು ಸಿಂಧೂ. ನಮ್ಮ ದೇಶಕ್ಕೂ ಒಂದು ಧರ್ಮಕ್ಕೂ ಹೆಸರು ಕೊಟ್ಟ ನದಿ ನಮ್ಮ ಹಿರಣ್ಯಕೇಶಿಯಷ್ಟೇ ಅಗಲವಾಗಿ, ಮಣ್ಣಿನ ಬಣ್ಣದಲ್ಲಿ, ಯಾವ ಆಡಂಬರವೂ ಇಲ್ಲದೆ ಹರಿಯುತ್ತಿತ್ತು. ಇಳಿದು ಕೈಕಾಲು ತೊಳೆದುಕೊಂಡೆವು. ಲೇಹ್ ಪಟ್ಟಣದ ಅರಮನೆ, ಪೇಟೆಗಳ ವರ್ಣನೆ ಬೇರೆ ಪುಸ್ತಕಗಳಲ್ಲಿ ಸಾಕಷ್ಟಿದೆ.

ಲೇಹ್‌ನಿಂದ ನುಬ್ರಾಕ್ಕೆ ಖರ್ದುಂಗ್ ಲಾ ದಾಟಬೇಕು. ಜಗತ್ತಿನಲ್ಲಿಯೇ ಅತಿ ಎತ್ತರದ ಮೋಟಾರು ದಾರಿ, 18,380 ಅಡಿ ಎಂದು ಅಲ್ಲಿಯ ಫಲಕ ಬಹುಕಾಲ ಸಾರುತ್ತಿತ್ತು. ಸರಿಯಾಗಿ ಅಳೆದರೆ ಅದು 17,582 ಅಡಿ. ಲಡಾಖ್‌ನಲ್ಲಿಯೇ ಉಮ್ಲಿಂಗ್ ಲಾ ದಾರಿ 19,024 ಅಡಿಗೆ ಏರಿದ್ದರಿಂದ 2021ರಲ್ಲಿ ಆ ದಾಖಲೆ ಅದರ ಪಾಲಾಯಿತು. ಗಣಿತದ ಗುರುಗಳಿದ್ದರೆ ಆ ಎಂಟುನೂರು ಅಡಿ ಎಲ್ಲಿ ಹೋಯಿತೆಂದು ಜಗಳ ತೆಗೆಯುತ್ತಿದ್ದರು. ನಾವು ಐದು ನಿಮಿಷ ನಿಂತು, ಮಾತಾಡದೆ ಇಳಿದೆವು.

ಖಲ್ಸರದ ಮುಂದೆ ದಾರಿ ಕವಲೊಡೆಯುತ್ತದೆ. ಎಡಕ್ಕೆ ದಿಸ್ಕಿತ್, ಹುಂಡರ್. ಇನ್ನೊಂದು ಕವಲು ಪನಾಮಿಕ್ ಮಾರ್ಗವಾಗಿ ಸಿಯಾಚಿನ್ ಕಡೆಗೆ. ಆ ಕವಲಿನಲ್ಲಿ ಗಾಡಿ ನಿಲ್ಲಿಸಲು ಹೇಳಿದೆವು. ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಆ ನೀರ್ಗಲ್ಲ ನಾಡಿನಲ್ಲಿ, 19 ಸಾವಿರ ಅಡಿಗೂ ಮೇಲಿನ ಠಾಣೆಯಲ್ಲಿ, 2016ರ ಫೆಬ್ರವರಿ 3ರಂದು ಒಂಬತ್ತು ಜನ ಸಂಗಡಿಗರೊಂದಿಗೆ ಹಿಮದಡಿ ಸಿಕ್ಕರು. ಆರು ದಿನಗಳ ಮೇಲೆ ಅಗೆದಾಗ ಅವರೊಬ್ಬರು ಉಸಿರಾಡುತ್ತಿದ್ದರು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ವಾರ ನಮ್ಮ ಶಾಲೆಯ ಪ್ರಾರ್ಥನೆಯಲ್ಲಿ ದಿನಾಲೂ ಅವರ ಹೆಸರು ಬರುತ್ತಿತ್ತು. ಅವರು ಸಾಗಿದ ದಾರಿ ಈ ಬೂದುಬಣ್ಣದ ಬೆಟ್ಟಗಳ ಸಂದಿಯಲ್ಲಿದೆ ಎಂದು ನೋಡುತ್ತ ನಿಂತೆವು. ಸೇನೆಯ ಲಾರಿಗಳ ಸಾಲೊಂದು ಅತ್ತ ಹೊರಳಿತು. ಅಂಥದ್ದೇ ಒಂದು ಲಾರಿಯನ್ನು ಗುರುಗಳ ಅಣ್ಣ ನಡೆಸಿದ್ದಿರಬೇಕು.

ಸಂಜೆ ಐದರ ಹೊತ್ತಿಗೆ ಹುಂಡರ್ ಮುಟ್ಟಿದೆವು. ಶ್ಯೋಕ್ ನದಿಯ ದಂಡೆ. ನದಿ ಬೆಟ್ಟಗಳನ್ನು ಅರೆದು ತಂದ ನುಣ್ಣನೆಯ ಮರಳನ್ನು ಗಾಳಿ ಬಾಚಿ ಬಾಚಿ ದಿಬ್ಬ ಮಾಡಿಟ್ಟಿದೆ. ಮಧ್ಯೆ ಮುಳ್ಳಿನ ಪೊದೆಗಳು, ತೆಳ್ಳಗೆ ಹರಿಯುವ ನೀರು. ಬಹಳ ವಿಸ್ತಾರವಾದ ಮರಳುಗಾಡೇನೂ ಅಲ್ಲ. ರಾಜಸ್ಥಾನ ಕಂಡವರಿಗೆ ಇದು ಅಂಗಳದಂತೆ ಕಂಡೀತು. ಆದರೆ ತಲೆಯೆತ್ತಿದರೆ ನೇರವಾಗಿ ಹಿಮದ ಶಿಖರಗಳು.

ಒಂಟೆಗಳೂ ಇದ್ದವು. ಉದ್ದ ಕೂದಲು, ಗಿಡ್ಡ ಕಾಲು, ಬೆನ್ನ ಮೇಲೆ ಎರಡು ಡುಬ್ಬ. ಲೇಹ್‌ನಿಂದ ಕಾರಾಕೋರಂ ಘಾಟು ದಾಟಿ ಮಧ್ಯ ಏಷ್ಯದ ಯಾರ್ಕಂದಕ್ಕೆ, ತಕ್ಲಾಮಕಾನ್ ಮರಳುಗಾಡಿನ ಅಂಚಿಗೆ, ನೂರಾರು ವರ್ಷ ವ್ಯಾಪಾರ ನಡೆದಿತ್ತು. ಇವು ಆ ಸರಕು ಹೊತ್ತ ಒಂಟೆಗಳ ಸಂತತಿ. 1950ರ ಸುಮಾರಿಗೆ ಗಡಿ ಮುಚ್ಚಿದಾಗ ವ್ಯಾಪಾರ ನಿಂತಿತು, ಒಂಟೆಗಳು ಈಚೆಯೇ ಉಳಿದವು. ಈಗ ಪ್ರವಾಸಿಗಳನ್ನು ಹೊರುತ್ತವೆ. ಮೂಗಿಗೆ ದಾರ ಪೋಣಿಸಿಕೊಂಡು ಸಾಲಾಗಿ ಕುಳಿತು ಮೆಲುಕು ಹಾಕುತ್ತಿದ್ದವು.

ಮೂರನ್ನೂ ಒಂದೇ ಚಿತ್ರದಲ್ಲಿ ಹಿಡಿಯುವುದು ಸುಲಭವಾಗಲಿಲ್ಲ. ಒಂಟೆ ಸರಿಯಾಗಿ ಬಂದರೆ ಶಿಖರ ಮೋಡದಲ್ಲಿ. ಶಿಖರ ತೆರೆದರೆ ಒಂಟೆ ನಮಗೆ ಮುಖ ಮಾಡಿ ಕುಳಿತು ಒಂದೇ ಡುಬ್ಬ ಕಾಣುವುದು. ಒಂಟೆಯ ಯಜಮಾನನಿಗೆ ಹಿಂದಿ ಪಂಡಿತರು ಪತ್ರದ ಕತೆಯನ್ನೆಲ್ಲ ಹೇಳಿದರು. ಅವನು ಒಂದು ಎಳೆಯ ಒಂಟೆಯನ್ನು ಎಬ್ಬಿಸಿ ದಿಬ್ಬದ ನೆತ್ತಿಗೆ ಕರೆದೊಯ್ದು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದ. ನಾವು ಮರಳಿನ ಮೇಲೆ ಬೋರಲು ಮಲಗಿ ಕಾದೆವು. ಏಳಕ್ಕೆ ಹತ್ತು ನಿಮಿಷವಿದ್ದಾಗ ಮೋಡ ಸರಿಯಿತು.

ಮನಾಲಿಯಲ್ಲಿ ಗುರುಗಳು ವಸತಿಗೃಹದ ಬಾಗಿಲಲ್ಲೇ ಕಾಯುತ್ತಿದ್ದರು. ಪ್ರವಾಸ ಹೇಗಾಯಿತೆಂದು ಕೇಳಲಿಲ್ಲ. ಕನ್ನಡಕ ಹಾಕಿಕೊಂಡು ಮೊಬೈಲನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು. ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿದರು. ಮೊದಲು ಕೆಳಗಿನ ಮರಳನ್ನು ನೋಡಿದರು, ಆಮೇಲೆ ಮೇಲಿನ ಹಿಮವನ್ನು. ಕೊನೆಗೆ ಒಂಟೆಯ ಬೆನ್ನ ಮೇಲೆ ಬೆರಳಿಟ್ಟು, ತುಟಿಯಲ್ಲಿಯೇ, ಒಂದು, ಎರಡು ಎಂದು ಎಣಿಸಿದರು.